ಕುಮಾರವ್ಯಾಸ ಕ್ಷಮೆ ಕೇಳಿದ

ಸೋಮವಾರ ರಾತ್ರಿ ಕುಮಾರವ್ಯಾಸ ನನ್ನ ಮಗಳ ಕ್ಷಮೆ ಕೇಳಿದ. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅದು ಮುಗಿದೇ ಹೋಗಿತ್ತು. ಆಮೇಲೆ ಮೊಬೈಲಿನಲ್ಲಿ ಓದಿದೆ.

ಹತ್ತನೆಯ ತರಗತಿಯ ಛಂದಸ್ಸು. ಪ್ರಸ್ತಾರ ಹಾಕುವುದೆಂದರೆ ಅವಳಿಗೆ ತಲೆನೋವು. ಎಐಗೆ 'ನೀನು ಕುಮಾರವ್ಯಾಸ, ನನಗೆ ಭಾಮಿನಿ ಷಟ್ಪದಿ ಕಲಿಸು' ಎಂದರೆ ಸಾಕು, ಕವಿಯೇ ಬಂದು ಪಾಠ ಮಾಡುತ್ತಾನೆ ಎಂದು ಗೆಳತಿ ಹೇಳಿದ್ದಳಂತೆ. ಬಂದ. ಚೆನ್ನಾಗಿಯೇ ಹೇಳಿದ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕರಂತೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿಗೆ 23.

ಇವಳು ಆ ಉದ್ದ ಸಾಲಿನ ಕೊನೆಯ ಗುರುವನ್ನು, ಎಂದರೆ ಎರಡು ಮಾತ್ರೆಯ ಅಕ್ಷರವನ್ನು, ಬಿಟ್ಟು ಎಣಿಸಿದ್ದಳು. 'ಇಲ್ಲ ಸರ್, 21 ಬರುತ್ತದೆ' ಎಂದು ಬರೆದಳು. (ಕುಮಾರವ್ಯಾಸನಿಗೆ ಸರ್!) ತಕ್ಷಣವೇ ಉತ್ತರ: 'ಕ್ಷಮಿಸು ಮಗು, ನೀನು ಹೇಳಿದ್ದೇ ಸರಿ. 21.'

ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ ಎಂದು ತನ್ನ ಅಗ್ಗಳಿಕೆಯನ್ನು ತಾನೇ ಹೇಳಿಕೊಂಡ ಕವಿ ಅವನು. ಹದಿನೈದರ ಹುಡುಗಿ ಒಮ್ಮೆ 'ಇಲ್ಲ' ಎಂದದ್ದಕ್ಕೆ ಎರಡು ಮಾತ್ರೆ ಬಿಟ್ಟುಕೊಟ್ಟ!

'ನೀನು ಹೇಳಿದ್ದೇ ಸರಿ.' ವಾರವಿಡೀ ಈ ಮಾತು ನನ್ನನ್ನು ಬಿಟ್ಟಿಲ್ಲ. ನಮ್ಮ ಕನ್ನಡ ಮೇಷ್ಟ್ರು ಮೂರು ವರ್ಷಗಳಲ್ಲಿ ಒಮ್ಮೆಯೂ ನನಗೆ ಹಾಗೆ ಹೇಳಲಿಲ್ಲ. ಎಣಿಕೆ ತಪ್ಪಿದರೆ ಪುಸ್ತಕ ಮುಚ್ಚಿಸಿ, ನಿಲ್ಲಿಸಿ ಹಾಡಿಸುತ್ತಿದ್ದರು. ಹಾಗೆಂದು ಅವರೇನು ದೇವರಲ್ಲ. ಎರಡನೆಯ ಸಲ ಕೇಳಿದರೆ ಕಿವಿ ಹಿಂಡುತ್ತಿದ್ದರು. ಮೂರನೆಯ ಸಲ ಕೇಳುವ ಧೈರ್ಯ ತರಗತಿಯಲ್ಲಿ ಯಾರಿಗೂ ಇರಲಿಲ್ಲ. ಇವಳು ಆ ರಾತ್ರಿ ಲಘು ಎಂದರೇನು ಎಂದು ಐದು ಸಲ ಕೇಳಿದ್ದಾಳೆ. ಐದು ಸಲವೂ ಅವನು ಬೇಸರವಿಲ್ಲದೆ ಹೇಳಿದ್ದಾನೆ. ಓದುತ್ತಿದ್ದಂತೆ ಮೇಷ್ಟ್ರ ಮೇಲಿನ ಹಳೆಯ ಸಿಟ್ಟು ಮತ್ತೆ ಎದ್ದಿತು. ಎಷ್ಟು ಪ್ರಶ್ನೆಗಳನ್ನು ನುಂಗಿಕೊಂಡು ನಾನು ಆ ಶಾಲೆ ದಾಟಿದೆ!

ಆದರೂ ಅವರ ಮದ್ದನ್ನೇ ಪ್ರಯೋಗಿಸಿದೆ. 'ಹಾಡು' ಎಂದೆ. ನಾಚಿಕೊಂಡು ಹಾಡಿದಳು. ಕೊನೆಯ ಅಕ್ಷರ ನುಂಗಿ ಇನ್ನೊಮ್ಮೆ ಹಾಡಿಸಿದೆ. 'ಅಮ್ಮಾ, ನಿಲ್ಲುವುದಕ್ಕೆ ಜಾಗವೇ ಇಲ್ಲವಲ್ಲ' ಎಂದವಳು ತಾನೇ ಪೆನ್ಸಿಲ್ ತೆಗೆದುಕೊಂಡು ಸಾಲಿನ ತುದಿಗೆ ಗುರು ಹಾಕಿದಳು.

ನಿನ್ನೆ ಪಂಪನ ಸರದಿ. ಕಂದಪದ್ಯಕ್ಕೆ ಒಟ್ಟು 64 ಮಾತ್ರೆ ಎಂದ. '60 ಎಂದು ಹೇಳಿ ನೋಡು, ಏನನ್ನುತ್ತಾನೋ' ಎಂದು ಹಿಂದಿನಿಂದ ಚುಚ್ಚಿದೆ.

'ಬೇಡಮ್ಮ, ಪಾಪ. ಒಪ್ಪಿಕೊಂಡುಬಿಡುತ್ತಾನೆ' ಎಂದಳು.