ದೆಹಲಿಯ ದೆವ್ವಗಳೂ ದುರ್ಗದ ಕಲ್ಲುಗಳೂ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಚಿತ್ರದುರ್ಗದಿಂದ ದೆಹಲಿ, ಆಗ್ರಾ ಪ್ರವಾಸಕ್ಕೆ ಹೊರಡುವವರ ತಯಾರಿ ಶುರುವಾಗುತ್ತದೆ. ಅವರ ಮೊಬೈಲಿಗೆ ಕೆಂಪುಕೋಟೆ, ಕುತುಬ್ ಮಿನಾರುಗಳ ಚಿತ್ರಗಳ ಜೊತೆಯಲ್ಲೇ ದೆಹಲಿಯಲ್ಲಿ ದೆವ್ವಗಳಿರುವ ಜಾಗಗಳ ಪಟ್ಟಿಯೂ ಬಂದು ಬೀಳುತ್ತದೆ. ಈ ಸಲ ಅದನ್ನು ನನಗೆ ಕಳಿಸಿದವನು ಅಕ್ಕನ ಮಗ. “ಮಾವ, ನೀವು ಇವನ್ನೆಲ್ಲ ನೋಡಿದ್ದೀರಲ್ಲ, ಯಾವುದಕ್ಕೆ ಹೋದರೆ ಪೈಸಾ ವಸೂಲ್?” ಎಂದು ಕೇಳಿದ್ದ. ದೆವ್ವಗಳು ಇವೆಯೋ ಇಲ್ಲವೋ ಎಂಬ ಗೊಡವೆ ಅವನಿಗಿರಲಿಲ್ಲ. ನನಗೂ ಅದರಲ್ಲಿ ಆಸಕ್ತಿಯಿಲ್ಲ. ಆದರೆ ಆ ಪಟ್ಟಿಯನ್ನು ಓದಿದಾಗ, ಅದರಲ್ಲಿರುವ ಬಹುತೇಕ ಜಾಗಗಳಲ್ಲಿ ನಿಜವಾಗಿ ನಡೆದದ್ದು ದೆವ್ವದ ಕತೆಗಿಂತ ಎಷ್ಟೋ ಪಾಲು ಭಯಂಕರವಾಗಿದ್ದರೂ ಅದನ್ನು ಹೇಳುವ ಒಂದು ಸಾಲೂ ಅಲ್ಲಿಲ್ಲವಲ್ಲ ಎನಿಸಿತು.

ಸಾವಿನ ಲೆಕ್ಕಕ್ಕೆ ಇಳಿದರೆ ನಮ್ಮ ಏಳು ಸುತ್ತಿನ ಕೋಟೆ ಯಾವ ಊರಿಗೂ ಕಡಿಮೆಯದಲ್ಲ. ಹೈದರಾಲಿಯ ಮುತ್ತಿಗೆಗಳಲ್ಲಿ ಎರಡೂ ಕಡೆ ಸತ್ತವರ ಹೆಸರುಗಳು ಯಾರಿಗೂ ಗೊತ್ತಿಲ್ಲ. 1779ರಲ್ಲಿ ಕೋಟೆ ಬಿದ್ದು ಮದಕರಿನಾಯಕ ಶ್ರೀರಂಗಪಟ್ಟಣದ ಸೆರೆ ಸೇರಿದ. ಓಬವ್ವ ಒನಕೆ ಹಿಡಿದು ನಿಂತ ಕಿಂಡಿಯ ಬಳಿ ಹೆಣಗಳು ಒಂದರ ಮೇಲೊಂದು ಬಿದ್ದವೆಂದು ಮಕ್ಕಳಿಗೂ ಹೇಳುತ್ತೇವೆ. ಆದರೂ ಆ ಕಿಂಡಿಯಲ್ಲಿ ಸಿಪಾಯಿಗಳ ದೆವ್ವ ಓಡಾಡುತ್ತದೆ ಎಂದು ಊರಿನ ಯಾರ ಬಾಯಲ್ಲೂ ನಾನು ಕೇಳಿಲ್ಲ. ಅಲ್ಲಿ ಏನಾಯಿತೆಂಬುದು ಎಲ್ಲರಿಗೂ ಗೊತ್ತಿರುವುದರಿಂದ ದೆವ್ವಕ್ಕೆ ಅಲ್ಲಿ ಕೆಲಸವಿಲ್ಲ ಎಂಬುದು ನನ್ನ ತರ್ಕ. ಅಷ್ಟೇಕೆ, ಭೀಮನು ಹಿಡಿಂಬನನ್ನು ಕೊಂದದ್ದು ಇದೇ ಬೆಟ್ಟದಲ್ಲಿ ಎಂದು ನಂಬಿದ ನಮ್ಮವರು ಆ ರಾಕ್ಷಸನಿಗೂ ಹಿಡಿಂಬೇಶ್ವರನೆಂದು ಹೆಸರಿಟ್ಟು ಗುಡಿ ಕಟ್ಟಿ, ಅವನದೆನ್ನುವ ಹಲ್ಲನ್ನೂ ಅಲ್ಲಿಟ್ಟುಕೊಂಡಿದ್ದಾರೆ.

ಪಟ್ಟಿಯ ಮೊದಲ ಹೆಸರು, ನಿರೀಕ್ಷಿಸಿದಂತೆ, ಅಗ್ರಸೇನ್ ಕಿ ಬಾವಲಿ. ಕನ್ನಾಟ್ ಪ್ಲೇಸಿನ ಎತ್ತರದ ಕಟ್ಟಡಗಳ ನಡುವೆ ಹೇಲಿ ರಸ್ತೆಯ ಬದಿಯಲ್ಲಿರುವ ಈ ಮೆಟ್ಟಿಲುಬಾವಿ ಸುಮಾರು 60 ಮೀಟರ್ ಉದ್ದ, 15 ಮೀಟರ್ ಅಗಲವಿದ್ದು, ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹೊಂದಿದೆ. ಒಂದು ಕಾಲದಲ್ಲಿ ಇದರ ತಳದಲ್ಲಿದ್ದ ಕಪ್ಪು ನೀರು ನೋಡಿದವರ ಮನಸ್ಸನ್ನು ಸೆಳೆದು, ತಾವಾಗಿಯೇ ಹಾರುವಂತೆ ಮಾಡುತ್ತಿತ್ತಂತೆ. ನಾನು ಹೋದಾಗ ಮೇಲಿನ ಮೆಟ್ಟಿಲುಗಳ ಮೇಲೆ ಕಾಲೇಜಿನ ಹುಡುಗ ಹುಡುಗಿಯರು ಸಾಲಾಗಿ ಕುಳಿತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ತೀರಾ ಕೆಳಕ್ಕೆ ಇಳಿದವರಿಗೆ ಕಾವಲುಗಾರ ಸೀಟಿ ಊದುತ್ತಿದ್ದ. ಆದರೂ ಒಂದು ಮಾತು ಒಪ್ಪಬೇಕು: ಇಳಿಯುತ್ತ ಹೋದಂತೆ ಎರಡೂ ಬದಿಯ ಕಮಾನುಗಳ ಸಾಲು ಎತ್ತರವಾಗುತ್ತ, ಆಕಾಶ ಕಿರಿದಾಗುತ್ತ, ರಸ್ತೆಯ ಹಾರ್ನುಗಳು ಕೇಳದಂತಾಗಿ, ಪಾರಿವಾಳಗಳ ಗುಟುರು ಮತ್ತು ತೊಗಲುಬಾವಲಿಗಳ ವಾಸನೆ ಮಾತ್ರ ಉಳಿಯುತ್ತವೆ. ಮೇಲಿನ ಬಿಸಿಲಿನಿಂದ ಬಂದವರ ಮೈಗೆ ಅಲ್ಲಿನ ತಂಪು ತಟ್ಟಿದಾಗ ರೋಮ ಏಳುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಇಷ್ಟು ದೊಡ್ಡ ಬಾವಿಯ ನೀರು ಎಲ್ಲಿ ಹೋಯಿತು ಎಂಬುದು ನನಗೆ ಕಾಡಿದ ಪ್ರಶ್ನೆ. ಸುತ್ತಲೂ ಆಳದ ನೆಲಮಾಳಿಗೆಗಳು, ಕಾಂಕ್ರೀಟಿನ ನೆಲ. ಮಳೆಯ ನೀರು ಇಂಗುವುದಕ್ಕೆ ಜಾಗವೆಲ್ಲಿದೆ? ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಹರಿಸಿ ಸಂತೆಹೊಂಡದವರೆಗೆ ತಂದ ಊರಿನವನಾದ ನನಗೆ ಹಾರಿದವರ ಕತೆಗಿಂತ ಆ ಒಣಗಿದ ತಳವೇ ಹೆಚ್ಚು ದಿಗಿಲು ಹುಟ್ಟಿಸಿತು.

ಇಂಥ ಪಟ್ಟಿಗಳಲ್ಲಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲವೆಂಬ ಫಲಕದ ಚಿತ್ರವೊಂದು ತಪ್ಪದೆ ಇರುತ್ತದೆ. ರಾಜಸ್ಥಾನದ ಭಾನಗಢ ಕೋಟೆಯ ಫಲಕವಂತೂ ಜಗತ್ಪ್ರಸಿದ್ಧ. ಸರ್ಕಾರವೇ ದೆವ್ವವನ್ನು ಒಪ್ಪಿಕೊಂಡಿದೆ ಎಂಬುದು ಅದರ ಮೇಲಿನ ವ್ಯಾಖ್ಯಾನ. ಸಂರಕ್ಷಿತ ಸ್ಮಾರಕಗಳನ್ನು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಮಾತ್ರ ತೆರೆದಿಡುವುದು ಪುರಾತತ್ತ್ವ ಇಲಾಖೆಯ 1959ರ ನಿಯಮ. ನಮ್ಮ ಕೋಟೆಯಿಂದಲೂ ಸಂಜೆಯಾಗುತ್ತಿದ್ದಂತೆ ಎಲ್ಲರನ್ನೂ ಇಳಿಸಿಬಿಡುತ್ತಾರೆ. ಅದಕ್ಕೆ ನಾವು ಗೊಣಗುತ್ತೇವೆಯೇ ಹೊರತು ಹೆದರುವುದಿಲ್ಲ.

ಪಟ್ಟಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಫಿರೋಜ್ ಷಾ ಕೋಟ್ಲಾ. ಕ್ರಿಕೆಟ್ ಮೈದಾನದಿಂದಾಗಿ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಇರುವ, ಫಿರೋಜ್ ಷಾ ತುಘಲಕ್ 1354ರಲ್ಲಿ ಕಟ್ಟಿಸತೊಡಗಿದ ಕೋಟೆಯೊಳಕ್ಕೆ ಹೋಗುವವರು ಕಡಿಮೆ. ಅಲ್ಲಿ ಮೂರು ಅಂತಸ್ತಿನ ಕಲ್ಲುಕಟ್ಟಡವೊಂದರ ನೆತ್ತಿಯ ಮೇಲೆ ಸುಮಾರು 13 ಮೀಟರ್ ಎತ್ತರದ ಅಶೋಕಸ್ತಂಭ ನಿಂತಿದೆ. ಇದನ್ನು ಈಗಿನ ಹರಿಯಾಣದ ತೋಪ್ರಾ ಎಂಬ ಹಳ್ಳಿಯಿಂದ ಸುಲ್ತಾನ ತರಿಸಿದ. ಆ ಕಾಲದ ಇತಿಹಾಸಕಾರ ಶಂಸ್ ಸಿರಾಜ್ ಅಫೀಫ್ ಬರೆದಿರುವ ಪ್ರಕಾರ, ಕಂಬದ ಬುಡವನ್ನು ಅಗೆದು, ಬೂರುಗದ ಹತ್ತಿಯ ರಾಶಿಯ ಮೇಲೆ ಮೆಲ್ಲಗೆ ಮಲಗಿಸಿ, ಜೊಂಡು ಮತ್ತು ಹಸಿ ಚರ್ಮಗಳನ್ನು ಸುತ್ತಿ, 42 ಗಾಲಿಗಳ ಬಂಡಿಗೆ ಏರಿಸಿ, ಒಂದೊಂದು ಗಾಲಿಯ ಹಗ್ಗಕ್ಕೂ 200 ಜನರನ್ನು ಹಚ್ಚಿ ಯಮುನೆಯ ದಡದವರೆಗೆ ಎಳೆಸಿ, ಅಲ್ಲಿಂದ ದೋಣಿಗಳಲ್ಲಿ ಸಾಗಿಸಲಾಯಿತು. ಅದರ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಓದಬಲ್ಲವರು ಆಗ ಒಬ್ಬರೂ ಇರಲಿಲ್ಲ. ಅದು ಭೀಮನ ಊರುಗೋಲು ಎಂಬ ನಂಬಿಕೆಯನ್ನು ಅಫೀಫ್ ದಾಖಲಿಸಿದ್ದಾನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೂ ಅಶೋಕನ ಕಂಬ ಭೀಮನದಾಗಿಯೇ ಉಳಿದಿತ್ತು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿರುವ ಅದೇ ಅಶೋಕನ ಬಂಡೆಶಾಸನಗಳು ಶಾಸನತಜ್ಞ ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿದ್ದದ್ದು 1892ರಲ್ಲಿ. ಓದಲಾಗದ ಕಲ್ಲು ಕಂಡಲ್ಲಿ ಭೀಮನನ್ನು ಕರೆತರುವ ರೂಢಿ ದೆಹಲಿಗೂ ದುರ್ಗಕ್ಕೂ ಸಮಾನವಾಗಿರುವುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಈಗ ಆ ಕಂಬದ ಕೆಳಗಿನ ಕತ್ತಲೆಯ ಕೋಣೆಗಳಲ್ಲಿ ಜಿನ್ನುಗಳು, ಅಂದರೆ ಮುಸ್ಲಿಂ ನಂಬಿಕೆಯ ಕಣ್ಣಿಗೆ ಕಾಣದ ಜೀವಿಗಳು, ವಾಸವಾಗಿವೆ ಎಂಬುದು ನಂಬಿಕೆ. ಗುರುವಾರ ಮಧ್ಯಾಹ್ನದ ಮೇಲೆ ಹೋದರೆ ಹಿಂದೂ, ಮುಸ್ಲಿಂ ಎನ್ನದೆ ಜನ ಬರುತ್ತಾರೆ, ಅವರಲ್ಲಿ ಹೆಂಗಸರು ಹೆಚ್ಚು. ಮಸಿ ಹಿಡಿದ ಗೂಡುಗಳಲ್ಲಿ ಮೇಣದ ಬತ್ತಿ, ಊದುಬತ್ತಿ, ಗುಲಾಬಿ ಎಸಳು. ಗೋಡೆಗೆ ಒತ್ತಿ ನಿಲ್ಲಿಸಿದ ನಾಣ್ಯಗಳು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಅರ್ಜಿಗಳು. ಗಂಡನ ಕುಡಿತ, ಮಗಳ ಮದುವೆ, ನಿಂತುಹೋದ ಪಿಂಚಣಿ, ಕೋರ್ಟಿನ ಕೇಸು, ಹೀಗೆ ಎಲ್ಲವನ್ನೂ ವಿವರವಾಗಿ ಬರೆದು, ಕೆಳಗೆ ಪೂರ್ತಿ ವಿಳಾಸ ಹಾಕಿ, ಕೆಲವರು ಪಾಸ್‌ಪೋರ್ಟ್ ಅಳತೆಯ ಫೋಟೋವನ್ನೂ ಅಂಟಿಸಿರುತ್ತಾರೆ. ಒಂದೇ ಅರ್ಜಿಯ ಜೆರಾಕ್ಸ್ ಪ್ರತಿಗಳನ್ನು ಬೇರೆ ಬೇರೆ ಗೂಡುಗಳಲ್ಲಿ ಇಡುವುದೂ ಉಂಟು. ತಾಲ್ಲೂಕು ಕಚೇರಿಯಲ್ಲಿ ಒಂದು ಟೇಬಲ್ಲಿನಲ್ಲಿ ಕೆಲಸವಾಗದಿದ್ದರೆ ಇನ್ನೊಂದರಲ್ಲಿ ಆದೀತು ಎಂದು ಎಲ್ಲ ಕಡೆ ಒಂದೊಂದು ಪ್ರತಿ ಕೊಟ್ಟು ಬರುವವರ ಜಾಣತನವೇ ಇದು. ಈ ಪದ್ಧತಿ ತೀರಾ ಪುರಾತನವಾದದ್ದೂ ಅಲ್ಲ. ತುರ್ತು ಪರಿಸ್ಥಿತಿ ಮುಗಿದ 1977ರ ಸುಮಾರಿಗೆ ಇದು ಬೆಳೆಯಿತೆಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಅದರ ಹಿಂದಿನ ವರ್ಷವಷ್ಟೇ ಅಲ್ಲಿಗೆ ಸಮೀಪದ ತುರ್ಕ್‌ಮಾನ್ ಗೇಟಿನಲ್ಲಿ ಬಡವರ ಮನೆಗಳನ್ನು ಬುಲ್ಡೋಜರುಗಳಿಂದ ಕೆಡವಲಾಗಿತ್ತು. ಸರ್ಕಾರ ಕೇಳದ ಅಹವಾಲನ್ನು ಜಿನ್ನುಗಳಾದರೂ ಕೇಳಲಿ ಎಂದು ಜನ ಬಂದಿದ್ದರೆ ಅದರಲ್ಲಿ ನಗುವಂಥದ್ದೇನೂ ಇಲ್ಲ. ನಾಯಕನಹಟ್ಟಿಯ ಜಾತ್ರೆಯಲ್ಲಿ ಹರಕೆ ಹೊತ್ತು ಕೊಬ್ಬರಿ ಸುಡುವ ನಮ್ಮವರು ಅಲ್ಲಿಗೆ ಹೋದರೆ ಯಾರೂ ವಿವರಿಸಬೇಕಾಗಿಲ್ಲ. ಇದನ್ನು ‘ದೆವ್ವದ ಕೋಟೆ’ ಎಂದು ಪಟ್ಟಿಗೆ ಸೇರಿಸಿದವರು ಗುರುವಾರ ಅಲ್ಲಿಗೆ ಹೋಗಿರಲಾರರು.

ಅಲ್ಲಿಂದ ರಸ್ತೆ ದಾಟಿದರೆ, ಬಹಾದ್ದೂರ್ ಷಾ ಜಫರ್ ಮಾರ್ಗದ ನಟ್ಟನಡುವೆ ಖೂನಿ ದರ್ವಾಜಾ ಎಂಬ ಹಳೆಯ ಹೆಬ್ಬಾಗಿಲು ಇದೆ. ಮಳೆಗಾಲದಲ್ಲಿ ಇದರ ಮೇಲ್ಛಾವಣಿಯಿಂದ ರಕ್ತ ತೊಟ್ಟಿಕ್ಕುತ್ತದೆ ಎಂಬುದು ಕತೆ. 1857ರ ಸೆಪ್ಟೆಂಬರ್ 22ರಂದು ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ವಿಲಿಯಂ ಹಾಡ್ಸನ್, ಹಿಂದಿನ ದಿನವಷ್ಟೇ ಶರಣಾಗಿದ್ದ ಕೊನೆಯ ಮೊಘಲ್ ದೊರೆ ಬಹಾದ್ದೂರ್ ಷಾ ಜಫರನ ಮಕ್ಕಳಾದ ಮಿರ್ಜಾ ಮುಘಲ್ ಮತ್ತು ಮಿರ್ಜಾ ಖಿಜ್ರ್ ಸುಲ್ತಾನ್, ಮೊಮ್ಮಗ ಮಿರ್ಜಾ ಅಬು ಬಕರ್, ಈ ಮೂವರನ್ನು ಹುಮಾಯೂನ್ ಸಮಾಧಿಯಿಂದ ಹಿಡಿದು ತಂದು, ಬಟ್ಟೆ ಬಿಚ್ಚಿಸಿ, ವಿಚಾರಣೆಯಿಲ್ಲದೆ ತನ್ನ ಕೈಯಾರೆ ಗುಂಡಿಟ್ಟು ಕೊಂದದ್ದು ಇಲ್ಲೇ ಎನ್ನುತ್ತಾರೆ. ಹೆಣಗಳನ್ನು ಚಾಂದನಿ ಚೌಕದ ಕೋತ್ವಾಲಿಯ (ಪೊಲೀಸ್ ಠಾಣೆಯ) ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ಎಸೆಯಲಾಯಿತು. 2002ರಲ್ಲಿ ಹಾಡುಹಗಲೇ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳ ಮೇಲೆ ಈ ಬಾಗಿಲಿನಲ್ಲಿ ಅತ್ಯಾಚಾರ ನಡೆಯಿತು, ಆ ಮೇಲೆ ಇದಕ್ಕೆ ಬೀಗ ಬಿತ್ತು. ಅಂದರೆ ಈ ಜಾಗ ಮುಚ್ಚಿರುವುದು ಸತ್ತವರ ದೆಸೆಯಿಂದಲ್ಲ, ಬದುಕಿದ್ದವರ ದೆಸೆಯಿಂದ. ಇಷ್ಟಾದ ಮೇಲೂ ತೊಟ್ಟಿಕ್ಕುವ ರಕ್ತದ ಕತೆ ಹೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ದೆಹಲಿ ಕಂಟೋನ್ಮೆಂಟಿನ ರಸ್ತೆಯಲ್ಲಿ ಲಿಫ್ಟ್ ಕೇಳುವ ಬಿಳಿ ಸೀರೆಯ ಹೆಂಗಸಿನ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ; ಆಕೆ ಎಲ್ಲ ಊರಿನ ಹೊರವಲಯದಲ್ಲೂ ನಿಂತಿರುತ್ತಾಳೆ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ಅವಳ ಅಕ್ಕತಂಗಿಯರನ್ನು ಸಾಗಹಾಕಿದ ನಾಡು ನಮ್ಮದು. ಮೆಹ್ರೌಲಿಯ ಜಮಾಲಿ ಕಮಾಲಿ ಮಸೀದಿ ಮತ್ತು ಸಮಾಧಿಯನ್ನು ದೆವ್ವಕ್ಕಾಗಿ ಅಲ್ಲ, ಸಮಾಧಿಯ ಒಳಛಾವಣಿಯ ಬಣ್ಣದ ಕುಸುರಿಗಾಗಿ ನೋಡಬೇಕು. ಒಳಗೆ ಬಿಡದಿದ್ದರೆ ಹೊರಗಿನ ಕೆತ್ತನೆಯನ್ನಾದರೂ.

ಕೊನೆಯದು ಮಾಲ್ಚಾ ಮಹಲ್, ಚಾಣಕ್ಯಪುರಿಯ ಪಕ್ಕದ ಕುರುಚಲು ಕಾಡಿನೊಳಗಿನ ತುಘಲಕ್ ಕಾಲದ ಬೇಟೆಮನೆ. ತಾನು ಲಖನೌದಿಂದ ಆಳುತ್ತಿದ್ದ ಅವಧ್ ರಾಜಮನೆತನದವಳೆಂದು ಹೇಳಿಕೊಂಡ ಬೇಗಂ ವಿಲಾಯತ್, ಮಗ ಮತ್ತು ಮಗಳೊಂದಿಗೆ ನವದೆಹಲಿ ರೈಲು ನಿಲ್ದಾಣದ ತಂಗುಕೋಣೆಯಲ್ಲಿ ವರ್ಷಗಟ್ಟಲೆ ಠಿಕಾಣಿ ಹೂಡಿದ್ದಳು; 1985ರಲ್ಲಿ ಸರ್ಕಾರ ಅವರಿಗೆ ಈ ಪಾಳುಕಟ್ಟಡವನ್ನು ಕೊಟ್ಟಿತು. ನೀರಿಲ್ಲ, ವಿದ್ಯುತ್ತಿಲ್ಲ, ಬಾಗಿಲುಗಳೂ ಇಲ್ಲ. 1993ರಲ್ಲಿ ಬೇಗಂ ಆತ್ಮಹತ್ಯೆ ಮಾಡಿಕೊಂಡಳು. 2017ರಲ್ಲಿ ಮಗ ಅಲಿ ರಜಾ ಒಬ್ಬನೇ ಇದ್ದು ಸತ್ತ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಎಲೆನ್ ಬ್ಯಾರಿ ಪ್ರಕಟಿಸಿದ ವರದಿಯಿಂದ, ಆ ಕುಟುಂಬಕ್ಕೂ ಅವಧ್ ನವಾಬರಿಗೂ ಸಂಬಂಧವಿರಲಿಲ್ಲವೆಂದೂ, ಆಕೆ ಲಖನೌ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಒಬ್ಬರ ವಿಧವೆಯೆಂದೂ, ವಿಭಜನೆಯ ನಂತರ ಪಾಕಿಸ್ತಾನಕ್ಕೆ ಹೋಗಿ ಮರಳಿ ಬಂದವಳೆಂದೂ ತಿಳಿಯಿತು. 2023ರಿಂದ ದೆಹಲಿಯ ಪ್ರವಾಸೋದ್ಯಮದವರು ಇಲ್ಲಿಗೆ ಟಿಕೆಟ್ ಇಟ್ಟು ಸಂಜೆಯ ‘ಭೂತನಡಿಗೆ’ ಏರ್ಪಡಿಸತೊಡಗಿದರು. ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋದವರು ಬೇಗಮಳ ಆತ್ಮದ ಬಗ್ಗೆ ಕೇಳುವ ಬದಲು, ಮನೆ, ದೇಶ ಎರಡನ್ನೂ ಕಳೆದುಕೊಂಡ ಹೆಂಗಸೊಬ್ಬಳು ತನ್ನ ಮಕ್ಕಳನ್ನು ರಾಜಕುಮಾರ, ರಾಜಕುಮಾರಿಯರೆಂದು ನಂಬಿಸಿ ಈ ಬಾಗಿಲಿಲ್ಲದ ಕೋಣೆಗಳಲ್ಲಿ ಹೇಗೆ ಸಾಕಿದಳು, ಅಷ್ಟೂ ವರ್ಷ ಪತ್ರಿಕೆಗಳೂ ಅಧಿಕಾರಿಗಳೂ ಆ ಮಾತನ್ನು ಏಕೆ ಪರಿಶೀಲಿಸಲಿಲ್ಲ ಎಂದು ಗೈಡನ್ನು ಕೇಳಬೇಕು.