ಆಸ್ಟ್ರೇಲಿಯನ್ ಸೈನಿಕರು ಕಾದಿದ ಕಂದಕಗಳ ನೆಲ: ಉತ್ತರ ಫ್ರಾನ್ಸ್‌ಗೆ ಹೊರಟವರಿಗೆ

ಆಸ್ಟ್ರೇಲಿಯಾದ ಯಾವ ಸಣ್ಣ ಊರಿಗೆ ಹೋದರೂ ಮುಖ್ಯರಸ್ತೆಯಲ್ಲೊಂದು ಯುದ್ಧ ಸ್ಮಾರಕ, ಅದರ ಮೇಲೆ 1914-18ರ ಮೊದಲ ಮಹಾಯುದ್ಧಕ್ಕೆ ಹೋದ ಆ ಊರಿನವರ ಹೆಸರು ಇದ್ದೇ ಇರುತ್ತದೆ. ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮಂಥ ಕನ್ನಡದವರೂ ಮಡಿದ ಸೈನಿಕರನ್ನು ನೆನೆಯುವ ಏಪ್ರಿಲ್ 25ರ ಆ್ಯನ್ಜಾಕ್ ಡೇ ದಿನ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತೇವೆ. 1915ರ ಅದೇ ದಿನ ಆಸ್ಟ್ರೇಲಿಯನ್ ಪಡೆ ಬಂದಿಳಿದ ಟರ್ಕಿಯ ಗ್ಯಾಲಿಪೊಲಿ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಆದರೆ ಆ ಯುದ್ಧದಲ್ಲಿ ಸತ್ತ ಸುಮಾರು 60 ಸಾವಿರ ಆಸ್ಟ್ರೇಲಿಯನ್ನರಲ್ಲಿ 46 ಸಾವಿರದಷ್ಟು ಮಂದಿ ಪ್ರಾಣ ಬಿಟ್ಟಿದ್ದು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ. ಆಗ ದೇಶದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಕಡ್ಡಾಯ ಸೇನಾಭರ್ತಿಗೆ 1916ರಲ್ಲೂ 1917ರಲ್ಲೂ ಜನ ಮತ ಹಾಕಿ ಬೇಡ ಎಂದಿದ್ದರಿಂದ, ಆ ಕಂದಕಗಳಲ್ಲಿ ನಿಂತವರೆಲ್ಲ ತಾವಾಗಿ ಹೆಸರು ಬರೆಸಿ ಹೋದವರೇ.

ಆ ನೆಲ ನೋಡಬೇಕೆಂದು ಹೊರಡುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಜಾಗ ಕಡಿಮೆ ಮಾಡಿಕೊಳ್ಳಿ, ನಡಿಗೆ ಹೆಚ್ಚು ಮಾಡಿಕೊಳ್ಳಿ. ಒಂದೇ ದಿನಕ್ಕೆ ಹತ್ತು ಸ್ಮಾರಕ ತೋರಿಸುವ ಟೂರ್‌ಗಳು ಸಿಗುತ್ತವೆ. ಬಸ್ಸಿನಿಂದ ಇಳಿದು ಫೋಟೋ ತೆಗೆದು ಮತ್ತೆ ಬಸ್ ಹತ್ತಿದರೆ ಎಲ್ಲ ಸ್ಮಶಾನವೂ ಒಂದೇ ಥರ ಕಾಣುತ್ತದೆ. ಈ ಯುದ್ಧ ನಡೆದದ್ದೇ ಮೀಟರುಗಳ ಲೆಕ್ಕದಲ್ಲಿ. ಆ ದೂರ ಕಾಲಿಗೆ ತಿಳಿಯಬೇಕು.

ಹೊರಡುವ ಮೊದಲು ಮನೆಯಲ್ಲೇ ಕೂತು ಒಂದು ಕೆಲಸ ಮಾಡಿ. ನೀವಿರುವ ಬಡಾವಣೆಯ ಸ್ಮಾರಕದಿಂದ ಒಂದೆರಡು ಹೆಸರು ಬರೆದುಕೊಳ್ಳಿ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಜಾಲತಾಣದಲ್ಲಿ ಮಡಿದವರ ಪಟ್ಟಿ ಇದೆ. ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆ ಸೈನಿಕನ ಸೇವಾ ಕಡತವನ್ನೇ ಪುಕ್ಕಟೆಯಾಗಿ ಓದಬಹುದು. ಎಲ್ಲಿ ಹೂಳಿದ್ದಾರೆ ಎಂಬುದನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾಣ ಭಾಗ, ಸಾಲು, ಸಮಾಧಿ ಸಂಖ್ಯೆ ಸಮೇತ ಕೊಡುತ್ತದೆ. ದೇಹ ಸಿಗದವರದಾದರೆ ಹೀಗೆ ನೆನಪಿಟ್ಟುಕೊಳ್ಳಿ: ಫ್ರಾನ್ಸ್‌ನಲ್ಲಿ ಕಾಣೆಯಾದವರ ಹೆಸರು ವಿಲ್ಲೇರ್-ಬ್ರೆತೊನ್ನೊದಲ್ಲಿ, ಫ್ರೊಮೆಲ್ ಎಂಬ ಹಳ್ಳಿಯ ಕದನದಲ್ಲಿ ಕಾಣೆಯಾದವರದು ಮಾತ್ರ ಅಲ್ಲಿಯದೇ ವಿ.ಸಿ. ಕಾರ್ನರ್ ಸ್ಮಶಾನದಲ್ಲಿ, ಬೆಲ್ಜಿಯಂನವರದು ಈಪರ್ ಊರಿನ ಮೆನಿನ್ ಗೇಟ್‌ನಲ್ಲಿ. ಹುಡುಕಲು ಒಂದು ಹೆಸರಿದ್ದರೆ ಮಕ್ಕಳಿಗೂ ಬೇಸರವಾಗುವುದಿಲ್ಲ.

ಆಸ್ಟ್ರೇಲಿಯನ್ ಪಾಸ್‌ಪೋರ್ಟ್ ಇರುವವರು ಪ್ರವಾಸಕ್ಕೆ 90 ದಿನದವರೆಗೆ ವೀಸಾ ಇಲ್ಲದೆ ಹೋಗಬಹುದು. ಭಾರತದ ಪಾಸ್‌ಪೋರ್ಟ್‌ನವರಿಗೆ ಶೆಂಗೆನ್ ವೀಸಾ ಬೇಕು. ಹೆಚ್ಚು ದಿನ ಫ್ರಾನ್ಸ್‌ನಲ್ಲಿ ಇರುವುದಾದರೆ ಫ್ರಾನ್ಸ್‌ಗೇ ಅರ್ಜಿ ಹಾಕಿ, ಬೆಲ್ಜಿಯಂಗೂ ಅದೇ ಸಾಕು. ಬೆಂಗಳೂರಿನಿಂದ ಹೊರಡುವ ಅಪ್ಪ-ಅಮ್ಮನನ್ನು ಅಲ್ಲೇ ಕೂಡಿಕೊಳ್ಳುವ ಯೋಚನೆಯಿದ್ದರೆ ಅವರ ಅಪಾಯಿಂಟ್‌ಮೆಂಟ್ ಆದಷ್ಟು ಬೇಗ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಸಿಗುವುದು ಕಷ್ಟ. ತಿಂಡಿ ಕಟ್ಟುವಾಗ ಒಂದು ಎಚ್ಚರ: ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ಪೇಡ, ತುಪ್ಪದ ಡಬ್ಬಿ ಬಿಟ್ಟು ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಇಟ್ಟುಕೊಳ್ಳಿ. ಇವು ನಿಜಕ್ಕೂ ಬೇಕಾಗುತ್ತವೆ. ಆ ಕಡೆಯ ಹಳ್ಳಿಗಳಲ್ಲಿ ಮಧ್ಯಾಹ್ನ ಎರಡಾದ ಮೇಲೆ ಊಟ ಸಿಗುವುದು ದುರ್ಲಭ, ಭಾನುವಾರ-ಸೋಮವಾರ ಎಷ್ಟೋ ಕಡೆ ಬಾಗಿಲೇ ತೆಗೆಯುವುದಿಲ್ಲ. ನೀವು ಉಳಿದುಕೊಳ್ಳಲಿರುವ ಅಮಿಯಾಂ ಊರಿನ ಕಡೆಯ ಹೆಸರುವಾಸಿ ತಿಂಡಿ ‘ಫಿಸೆಲ್ ಪಿಕಾರ್ಡ್’ ನೋಡಲು ದೋಸೆ ಸುರುಳಿಯಂತಿದ್ದರೂ ಒಳಗೆ ಹಂದಿಮಾಂಸ ಇರುತ್ತದೆ. ಸಸ್ಯಾಹಾರಿಗಳು ಕೇಳಿ ತಿನ್ನಿ.

ಪ್ಯಾರಿಸ್‌ನ ಗಾರ್ ದ್ಯು ನೋರ್ ನಿಲ್ದಾಣದಿಂದ ಅಮಿಯಾಂಗೆ ರೈಲಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು. ಕನಿಷ್ಠ ಎರಡು ರಾತ್ರಿ ಅಲ್ಲೇ ಉಳಿಯಿರಿ. ವಿಲ್ಲೇರ್-ಬ್ರೆತೊನ್ನೊಗೆ ಅಲ್ಲಿಂದ ಲೋಕಲ್ ರೈಲಿದೆ. ಈ ಊರನ್ನು 1918ರ ಏಪ್ರಿಲ್ 24ರಂದು ಜರ್ಮನ್ನರು ಹಿಡಿದರು. ಅದೇ ರಾತ್ರಿ ಆಸ್ಟ್ರೇಲಿಯಾದ ಎರಡು ಬ್ರಿಗೇಡ್‌ಗಳು ಕತ್ತಲಲ್ಲಿ ಎರಡೂ ಪಕ್ಕದಿಂದ ಸುತ್ತುವರಿದು, ಗ್ಯಾಲಿಪೊಲಿಗೆ ಕಾಲಿಟ್ಟ ಮೂರನೇ ವರ್ಷದ ದಿನವೇ ಅದನ್ನು ಮರಳಿ ಗೆದ್ದವು. ಊರಾಚೆ ಗುಡ್ಡದ ಮೇಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಮೆಮೋರಿಯಲ್ ನಮ್ಮ ಇಂಡಿಯಾ ಗೇಟ್ ಕಟ್ಟಿದ ಲಟ್ಯನ್ಸ್‌ನದೇ ವಿನ್ಯಾಸ, 1938ರಲ್ಲಿ ಅನಾವರಣಗೊಂಡದ್ದು. ಗೋಡೆಯ ಮೇಲೆ 10,700ಕ್ಕೂ ಹೆಚ್ಚು ಹೆಸರುಗಳಿವೆ. ಕಲ್ಲಿನಲ್ಲಿ ಅಲ್ಲಲ್ಲಿ ಕಾಣುವ ಗುಂಡಿನ ಗುರುತುಗಳು ಮುಂದಿನ ಮಹಾಯುದ್ಧದವು, 1940ರವು. ಹಿಂದೆಯೇ ಇರುವ ಸರ್ ಜಾನ್ ಮೊನಾಶ್ ಸೆಂಟರ್ ಎಂಬ ಮ್ಯೂಸಿಯಂಗೆ ಪ್ರವೇಶ ಉಚಿತ. ವಿವರಣೆಯೆಲ್ಲ ನಿಮ್ಮ ಮೊಬೈಲ್‌ನಲ್ಲೇ ಕೇಳಬೇಕಾದ್ದರಿಂದ ಆ್ಯಪ್ ಮೊದಲೇ ಇಳಿಸಿಕೊಂಡು, ಇಯರ್‌ಫೋನ್ ತೆಗೆದುಕೊಂಡು ಹೋಗಿ.

ಊರೊಳಗಿನ ಶಾಲೆಯನ್ನು ಮಾತ್ರ ಬಿಡಬೇಡಿ. ಯುದ್ಧದಲ್ಲಿ ಹಾಳಾದ ಶಾಲೆಯನ್ನು ಮತ್ತೆ ಕಟ್ಟಲು ವಿಕ್ಟೋರಿಯಾ ರಾಜ್ಯದ ಶಾಲಾಮಕ್ಕಳು ಪೆನ್ನಿ ಪೆನ್ನಿ ಕೂಡಿಸಿ ಕಳಿಸಿದ್ದರು. 1927ರಲ್ಲಿ ಅದು ತೆರೆಯಿತು. ಅಂಗಳದ ಮೇಲ್ಗಡೆ ಆಸ್ಟ್ರೇಲಿಯಾವನ್ನು ಮರೆಯಬೇಡಿ ಎಂದು ದೊಡ್ಡಕ್ಷರಗಳಲ್ಲಿ ಬರೆದಿದೆ. ನನ್ನ ಮಗಳು ಓದುವುದು ವಿಕ್ಟೋರಿಯಾದ ಸರ್ಕಾರಿ ಶಾಲೆಯಲ್ಲೇ. ಅವಳು ಈ ಪ್ರವಾಸದಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಇಲ್ಲಿ.

ಮುಂದಿನದು ಪೊಜಿಯೇರ್ ಹಳ್ಳಿ. ಅಲ್ಲಿಗೆ ಹೋಗಲು ಅಲ್ಬೇರ್ ಊರಿನವರೆಗೆ ರೈಲು, ಅಲ್ಲಿಂದ ಏಳು ಕಿಲೋಮೀಟರ್ ಟ್ಯಾಕ್ಸಿ ಅಥವಾ ಸೈಕಲ್. 1916ರ ಜುಲೈ 23ರಂದು ಆಸ್ಟ್ರೇಲಿಯನ್ನರು ಊರನ್ನು ಹಿಡಿದದ್ದು ಬೇಗ. ಹಿಡಿದ ಮೇಲೆ ವಾರಗಟ್ಟಲೆ ಬಿದ್ದ ಶೆಲ್‌ಗಳಡಿ (ಸಿಡಿಯುವ ಫಿರಂಗಿ ಗುಂಡುಗಳಡಿ) ನಿಂತದ್ದೇ ನರಕ. ಆರು ವಾರಗಳಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು 23 ಸಾವಿರ. ಗಾಳಿಯಂತ್ರವಿದ್ದ ದಿಬ್ಬದ ಮೇಲಿನ ಕಲ್ಲು, ಈ ಯುದ್ಧದ ಬೇರೆ ಯಾವ ರಣರಂಗಕ್ಕಿಂತಲೂ ದಟ್ಟವಾಗಿ ಆಸ್ಟ್ರೇಲಿಯನ್ನರು ಇಲ್ಲಿ ಬಿದ್ದರು ಎನ್ನುತ್ತದೆ. ಸೋಮ್ ಪ್ರಾಂತದ ನೆಲ ಸೀಮೆಸುಣ್ಣದ್ದು. ಸುಗ್ಗಿ ಮುಗಿದು ಹೊಲ ಉತ್ತ ಮೇಲೆ ಹೋದರೆ ಕಂದು ಮಣ್ಣಿನಲ್ಲಿ ಬಿಳಿಯ ಅಂಕುಡೊಂಕು ಪಟ್ಟೆ ಕಾಣುತ್ತದೆ. ಅದೇ ಹಳೆಯ ಕಂದಕದ ಜಾಡು. ಶೆಲ್ ಒಂದು ಕಡೆ ಸಿಡಿದರೆ ಅದರ ಹೊಡೆತ ಕಂದಕದುದ್ದಕ್ಕೂ ಹರಿಯದಿರಲಿ, ಒಂದು ತುದಿಯಿಂದ ಶತ್ರು ಗುಂಡು ಹಾರಿಸಿದರೆ ಎಲ್ಲರೂ ಬೀಳದಿರಲಿ ಎಂದು ಅದನ್ನು ಹಾಗೆ ಡೊಂಕಾಗಿ ತೋಡುತ್ತಿದ್ದರು.

ಒಂದೇ ಜಾಗಕ್ಕೆ ಸಮಯ ಇರುವುದಾದರೆ ನನ್ನ ಆಯ್ಕೆ ಫ್ರೊಮೆಲ್. ಲೀಲ್ ನಗರದಿಂದ ಕಾರಿನಲ್ಲಿ ಅರ್ಧ ಗಂಟೆ, ರೈಲು ಇಲ್ಲ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಸೋಮ್‌ಗಿಂತ ಇಲ್ಲಿಯ ನೆಲವೇ ಬೇರೆ. ಮಲೆನಾಡಿನ ಗದ್ದೆಯಂತೆ ಎರಡು ಮೊಳ ಅಗೆದರೆ ನೀರು. ಆಳವಾಗಿ ತೋಡಲಾಗದೆ ಮರಳಿನ ಚೀಲ ಪೇರಿಸಿ ನೆಲದ ಮೇಲೆ ಗೋಡೆ ಎಬ್ಬಿಸಿ ಅದನ್ನೇ ಕಂದಕ ಮಾಡಿಕೊಂಡಿದ್ದರು. 1916ರ ಜುಲೈ 19ರ ಸಂಜೆ ಆರು ಗಂಟೆಗೆ, ಇನ್ನೂ ಹಗಲ ಬೆಳಕಿರುವಾಗ, ಫ್ರಾನ್ಸ್‌ಗೆ ಆಗಷ್ಟೇ ಬಂದಿದ್ದ ಆಸ್ಟ್ರೇಲಿಯಾದ ಐದನೇ ಡಿವಿಷನ್ ಆ ಗೋಡೆ ಹತ್ತಿ ಇಳಿಯಿತು. ಜರ್ಮನ್ ಸೈನ್ಯ ಆಗ ದೊಡ್ಡ ಕದನ ನಡೆಯುತ್ತಿದ್ದ ಸೋಮ್ ಕಡೆ ಹೋಗದಂತೆ ತಡೆಯುವುದಷ್ಟೇ ದಾಳಿಯ ಉದ್ದೇಶ. ಬೆಳಗಾಗುವಷ್ಟರಲ್ಲಿ ಸಾವು-ನೋವು 5,533, ಸತ್ತವರೇ ಎರಡು ಸಾವಿರದ ಹತ್ತಿರ. ನೆಲವೂ ದಕ್ಕಲಿಲ್ಲ.

ಕಾರನ್ನು ವಿ.ಸಿ. ಕಾರ್ನರ್ ಬಳಿ ನಿಲ್ಲಿಸಿ. ಇಲ್ಲಿ ತಲೆಗಲ್ಲುಗಳೇ ಇಲ್ಲ. ಗುರುತು ಸಿಗದ 410 ಆಸ್ಟ್ರೇಲಿಯನ್ನರು ಹುಲ್ಲುಹಾಸಿನ ಕೆಳಗಿದ್ದಾರೆ, ಗುಲಾಬಿ ಗಿಡಗಳಿವೆ, ಹಿಂದೆ ಹೆಸರುಗಳ ಗೋಡೆ. ಅಲ್ಲಿಂದ ಜರ್ಮನ್ ಸಾಲಿದ್ದ ಮೆಮೋರಿಯಲ್ ಪಾರ್ಕ್‌ವರೆಗೆ ರಸ್ತೆಯಲ್ಲೇ ನಡೆದು ಹೋಗಿ. ಚಪ್ಪಟೆ ಹೊಲ, ಮರೆಗೆ ಒಂದು ಗಿಡವೂ ಇಲ್ಲ, ಕೆಲವೇ ನಿಮಿಷದ ದಾರಿ. ಪಾರ್ಕ್‌ನಲ್ಲಿ ಜರ್ಮನ್ನರ ಕಾಂಕ್ರೀಟ್ ಗೂಡುಗಳು ಇನ್ನೂ ಇವೆ. ಗಾಯಗೊಂಡ ಗೆಳೆಯನನ್ನು ಹೆಗಲ ಮೇಲೆ ಹೊತ್ತ ಸಾರ್ಜೆಂಟ್ ಸೈಮನ್ ಫ್ರೇಸರ್‌ನ ಪ್ರತಿಮೆಯೂ ಅಲ್ಲಿದೆ. ನಂತರ ಊರೊಳಗಿನ ಫೆಸೆಂಟ್ ವುಡ್ ಸ್ಮಶಾನ. ಜರ್ಮನ್ನರು ಸಾಮೂಹಿಕವಾಗಿ ಹೂತಿದ್ದ 250 ದೇಹಗಳು ಸಿಕ್ಕಿ, 2010ರಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಣ್ಣು ಮಾಡಿದರು. ಸಂಬಂಧಿಕರ ಡಿಎನ್‌ಎ ನೆರವಿನಿಂದ ಅರ್ಧಕ್ಕಿಂತ ಹೆಚ್ಚು ಮಂದಿಯ ಹೆಸರು ಪತ್ತೆಯಾಗಿದೆ. ತಲೆಗಲ್ಲಿನ ಬುಡದಲ್ಲಿ ಮನೆಯವರು ಬರೆಸಿದ ಸಾಲುಗಳನ್ನು ಓದಲು ಹೊತ್ತು ಇಟ್ಟುಕೊಳ್ಳಿ. ಪಕ್ಕದಲ್ಲೇ ಮ್ಯೂಸಿಯಂ ಇದೆ.

ಇಷ್ಟು ದೂರ ಬಂದ ಭಾರತೀಯರು ನವ್-ಶಾಪೆಲ್‌ಗೆ ಹೋಗದೆ ಹಿಂದಿರುಗಬಾರದು. ಕಾರಿನಲ್ಲಿ ಕಾಲು ಗಂಟೆ. ಆಸ್ಟ್ರೇಲಿಯನ್ನರು ಬರುವ ಮುಂಚೆ, 1914-15ರಲ್ಲಿ, ಇದೇ ಕೆಸರಿನಲ್ಲಿ ನಿಂತು ಕಾದಿದವರು ನಮ್ಮ ದೇಶದ ಸೈನಿಕರು. ದೇಹ ಸಿಗದ 4,700ಕ್ಕೂ ಹೆಚ್ಚು ಮಂದಿಯ ಹೆಸರು ದುಂಡನೆಯ ಗೋಡೆಯ ಮೇಲಿದೆ. ಕಮಲದ ತಲೆಯ ಕಂಬ, ಅದರ ಎಡಬಲ ಕಲ್ಲಿನ ಹುಲಿಗಳು. ಫ್ರೊಮೆಲ್‌ನಲ್ಲಿ ಪ್ರವಾಸಿಗರು ಸಿಗುತ್ತಾರೆ, ಇಲ್ಲಿ ನಾವು ಹೋದಾಗ ಯಾರೂ ಇರಲಿಲ್ಲ. ಈ ವ್ಯತ್ಯಾಸ ನನ್ನನ್ನು ಇಂದಿಗೂ ಕಾಡುತ್ತದೆ. ಅದಕ್ಕೇ ಈ ಜಾಗವನ್ನು ಒತ್ತಿ ಹೇಳುತ್ತಿದ್ದೇನೆ.

ಹೊಲದಂಚಿನಲ್ಲಿ ತುಕ್ಕು ಹಿಡಿದ ಶೆಲ್ ಕಂಡರೆ ಮುಟ್ಟಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ. ರೈತರು ಉಳುವಾಗ ಈಗಲೂ ಅವು ಮೇಲೆ ಬರುತ್ತವೆ, ಈಗಲೂ ಸಿಡಿಯುತ್ತವೆ. ಮಳೆ ಬಂದರೆ ಕೆಸರು ಕಾಲಿಗೆ ಅಂಟಿ ಭಾರವಾಗುತ್ತದೆ, ಎತ್ತರದ ಬೂಟು ಬೇಕು. ಕೆಂಪು ಪಾಪಿ (ಗಸಗಸೆ ಜಾತಿಯ) ಹೂ ನೋಡಲು ಮೇ ಕೊನೆ, ಜೂನ್ ಒಳ್ಳೆಯದು. ವಿಲ್ಲೇರ್-ಬ್ರೆತೊನ್ನೊದಲ್ಲಿ ನಡೆಯುವ ಏಪ್ರಿಲ್ 25ರ ಮುಂಜಾವಿನ ಪ್ರಾರ್ಥನೆಗೇ ಹೋಗುವುದಾದರೆ ಮೊದಲೇ ಹೆಸರು ನೋಂದಾಯಿಸಿ, ದಪ್ಪ ಜಾಕೆಟ್, ಕಂಬಳಿ ಒಯ್ಯಿರಿ. ಹಿಂದಿನ ರಾತ್ರಿಯ ಚಳಿ ವಯಸ್ಸಾದವರಿಗೆ ತಡೆಯುವುದಿಲ್ಲ. ಮೊದಲ ಸಲ ಹೋಗುವವರು ಆ ದಿನ ಬಿಟ್ಟು ಹೋದರೆ ನಡೆಯಲು, ನೋಡಲು ಸಮಾಧಾನ ಇರುತ್ತದೆ.

ಕೊನೆಯ ಸಂಜೆಯನ್ನು ಈಪರ್‌ಗೆ ಇಟ್ಟುಕೊಳ್ಳಿ. ಮೆನಿನ್ ಗೇಟ್‌ನಲ್ಲಿರುವ 54 ಸಾವಿರಕ್ಕೂ ಹೆಚ್ಚು ಹೆಸರುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರದು, ಭಾರತೀಯರದೂ ಇವೆ. ಪ್ರತಿದಿನ ರಾತ್ರಿ ಎಂಟಕ್ಕೆ ಅಲ್ಲಿ ಮಡಿದವರ ಗೌರವಕ್ಕೆ ‘ಲಾಸ್ಟ್ ಪೋಸ್ಟ್’ ಕಹಳೆ ಊದುತ್ತಾರೆ. ಏಳೂಕಾಲಿಗೇ ಹೋಗಿ ನಿಂತರೆ ಮುಂದೆ ಜಾಗ ಸಿಗುತ್ತದೆ. ಮುಗಿಸಿಕೊಂಡು ರೈಲಿನಲ್ಲಿ ಲೀಲ್‌ಗೆ ವಾಪಸಾಗುವುದು ಕಷ್ಟ, ರಾತ್ರಿ ಉಳಿಯಲು ಈಪರ್‌ನಲ್ಲೇ ರೂಮ್ ಮಾಡಿಕೊಳ್ಳಿ.