ರೋಲ್ಯಾಂಡ್ ಗ್ಯಾರೋಸ್‌ನ ಫೈನಲ್ ನೋಡಲು ಹೊರಡುವವರಿಗೆ

2025ರ ಜೂನ್ 8ರ ಭಾನುವಾರ, ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣದ ಮುಖ್ಯ ಅಂಕಣವಾದ ಫಿಲಿಪ್ ಶಾಟ್ರಿಯೆಯಲ್ಲಿ ಸ್ಪೇನ್‌ನ ಕಾರ್ಲೋಸ್ ಅಲ್ಕರಾಜ್ ಮತ್ತು ಇಟಲಿಯ ಯಾನಿಕ್ ಸಿನ್ನರ್ ಆಡಿದ ಫ್ರೆಂಚ್ ಓಪನ್ ಟೆನಿಸ್ ಪುರುಷರ ಸಿಂಗಲ್ಸ್ ಫೈನಲ್ ನೋಡುವ ಭಾಗ್ಯ ನನಗೂ ನನ್ನ ಪತ್ನಿಗೂ ಒದಗಿತ್ತು. ಆ ಪಂದ್ಯ 5 ಗಂಟೆ 29 ನಿಮಿಷ ನಡೆದು, 1982ರ ವಿಲಾಂಡರ್–ವಿಲಾಸ್ ಫೈನಲ್‌ನ 4 ಗಂಟೆ 42 ನಿಮಿಷವನ್ನು ಮೀರಿ, ಈ ಟೂರ್ನಿಯ ಅತಿ ದೀರ್ಘ ಫೈನಲ್ ಎನಿಸಿಕೊಂಡಿತು. ಅಂಥದ್ದೊಂದು ಪ್ರವಾಸದ ಯೋಚನೆಯಲ್ಲಿರುವವರಿಗೆ ನಾನು ಮೊದಲು ಹೇಳುವ ಮಾತೆಂದರೆ, ಫೈನಲ್ ಒಂದನ್ನೇ ನೆಚ್ಚಿಕೊಂಡು ಹೋಗಬೇಡಿ. ಮೊದಲ ವಾರದ ಗುರುವಾರದೊಳಗೆ ತಲುಪಿ, ಸುತ್ತಲಿನ ಸಣ್ಣ ಹೊರ ಅಂಕಣಗಳಲ್ಲಿ ಒಂದು ದಿನವಾದರೂ ಕುಳಿತು, ಇಲ್ಲಿ ಆಡುವ ಕೆಂಪು ಮಣ್ಣು ಹೇಗೆ ವರ್ತಿಸುತ್ತದೆ ಎಂಬುದನ್ನು ಕಣ್ಣಾರೆ ನೋಡಿಕೊಂಡು ಆಮೇಲೆ ಫೈನಲ್‌ಗೆ ಹೋಗಿ.

ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ವೀಸಾ ಕೇಂದ್ರದ ಭೇಟಿಯ ದಿನಾಂಕ ಸಿಗುವುದು ಕಷ್ಟವಾದ್ದರಿಂದ ಏಪ್ರಿಲ್‌ವರೆಗೆ ಕಾಯಬೇಡಿ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆಯೂ ಕಡ್ಡಾಯ. ಪಂದ್ಯದ ಟಿಕೆಟನ್ನು ಮಾತ್ರ ಟೂರ್ನಿಯ ಅಧಿಕೃತ ತಾಣದಲ್ಲೇ ಕೊಳ್ಳಿ. ಟಿಕೆಟ್ ಮೇಲೆ ನೋಡುಗರ ಹೆಸರಿರುತ್ತದೆ, ಅದು ಮೊಬೈಲ್ ಆ್ಯಪ್‌ನಲ್ಲೇ ಬರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಬರಲಾಗದವರು ಹಿಂದಿರುಗಿಸುವ ಟಿಕೆಟ್‌ಗಳು ಅದೇ ತಾಣದ ಮರುಮಾರಾಟದಲ್ಲಿ ಸಿಗುತ್ತವೆ. ಮೂರು ವಾರ ಬೆಳಿಗ್ಗೆ ಸಂಜೆ ಅದನ್ನು ತೆರೆದು ನೋಡಿದ ಮೇಲೆ ನಮಗೆ ಫೈನಲ್‌ನ ಎರಡು ಆಸನಗಳು ದೊರೆತವು. ನಮ್ಮ ಪರಿಚಯದವರೊಬ್ಬರು ಬೇರೊಂದು ಕಡೆ ಹೆಚ್ಚು ಹಣ ತೆತ್ತು ಕೊಂಡ ಟಿಕೆಟ್ ಕೊನೆಗೂ ಅವರ ಆ್ಯಪ್‌ಗೆ ಬರಲೇ ಇಲ್ಲ. ಅಷ್ಟು ದೂರ ಬಂದು ಹೊರಗೆ ನಿಂತ ಅವರ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ನು ಆ ಮಣ್ಣಿನ ವಿಚಾರ. ನಾವು ಕೆಂಪು ಮಣ್ಣು ಎಂದು ಕರೆಯುವುದು ವಾಸ್ತವದಲ್ಲಿ ಇಟ್ಟಿಗೆಯ ಪುಡಿ, ಅದೂ ಮೇಲ್ಪದರದಲ್ಲಿ ಒಂದೆರಡು ಮಿಲಿಮೀಟರ್ ಮಾತ್ರ. ಅದರಡಿ ಬಿಳಿಯ ಸುಣ್ಣಕಲ್ಲಿನ ಪದರ, ಇನ್ನೂ ಕೆಳಗೆ ಕಲ್ಲಿದ್ದಲು ಸುಟ್ಟುಳಿದ ಕಿಟ್ಟ, ಜಲ್ಲಿ, ದಪ್ಪ ಕಲ್ಲುಗಳು. ಹೊರ ಅಂಕಣವೊಂದರ ಎರಡನೇ ಸಾಲಿನಲ್ಲಿ ನಮಗೆ ಜಾಗ ಸಿಕ್ಕಿದಾಗ, ಬಲೆಯ ಹತ್ತಿರವೇ ಮೆಲ್ಲಗೆ ಬೀಳುವ ಡ್ರಾಪ್‌ಶಾಟ್‌ಗೆ ಆಟಗಾರ ಓಡಿಬಂದು ಜಾರಿದ ಕಡೆ ಪುಡಿ ಸರಿದು ಉದ್ದನೆಯ ಮಸುಕು ಗೀರು ಎದ್ದು ಕಾಣುತ್ತಿತ್ತು. ಚೆಂಡು ನೆಲ ಮುಟ್ಟಿದೊಡನೆ ವೇಗ ಕಳೆದುಕೊಂಡು ಭುಜದೆತ್ತರಕ್ಕೆ ಏಳುತ್ತದೆ. ಬೇರೆಡೆ ಎರಡು ಹೊಡೆತಗಳಲ್ಲಿ ಮುಗಿಯುವ ಪಾಯಿಂಟ್ ಇಲ್ಲಿ ಹತ್ತು ಹೊಡೆತಗಳಾದರೂ ಮುಗಿಯದಿರುವುದು ಅದರಿಂದಲೇ. ಗ್ರ್ಯಾನ್‌ಸ್ಲಾಮ್ ಎನಿಸಿದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಉಳಿದ ಮೂರು, ಚೆಂಡು ಗೆರೆಯ ಒಳಗೋ ಹೊರಗೋ ಎಂಬ ತೀರ್ಪನ್ನು ಯಂತ್ರಕ್ಕೆ ಒಪ್ಪಿಸಿದ್ದರೂ 2025ರಲ್ಲೂ ಇಲ್ಲಿ ಗೆರೆ ಕಾಯುವ ಅಧಿಕಾರಿಗಳೇ ಇದ್ದರು, ಅನುಮಾನ ಬಂದಾಗ ಅಂಪೈರ್ ಕುರ್ಚಿಯಿಂದಿಳಿದು ಬಂದು ಬಾಗಿ ಚೆಂಡಿನ ಗುರುತು ನೋಡುತ್ತಿದ್ದರು. ನನ್ನ ಮಟ್ಟಿಗೆ ಈ ಟೂರ್ನಿಯಲ್ಲಿ ಎಲ್ಲಕ್ಕಿಂತ ಚೆಂದದ ನೋಟ ಅದು. ರಾತ್ರಿ ಕೊಠಡಿಗೆ ಮರಳಿದಾಗ ನಮ್ಮ ಬೂಟಿನ ಹೊಲಿಗೆಗಳಲ್ಲೆಲ್ಲ ಕೆಂಪು ಪುಡಿ ಕೂತಿತ್ತು.

ಓಡಾಟಕ್ಕೆ ಮೆಟ್ರೊ ಸಾಕು, ಟ್ಯಾಕ್ಸಿ ಬೇಡ. ಕ್ರೀಡಾಂಗಣಕ್ಕೆ ಹತ್ತಿರವಿರುವುದು 10ನೇ ಮಾರ್ಗದ ಪೋರ್ಟ್ ದೊತೈ ನಿಲ್ದಾಣ. ಆದರೆ ಆ ನಿಲ್ದಾಣದಲ್ಲಿ ಬುಲೋನ್ ಕಡೆಗೆ ಹೋಗುವ ರೈಲುಗಳು ಮಾತ್ರ ನಿಲ್ಲುತ್ತವೆ, ಊರೊಳಗೆ ಮರಳುವ ರೈಲು ಅಲ್ಲಿಗೆ ಬರುವುದಿಲ್ಲ. ಇದು ತಿಳಿಯದೆ ಮೊದಲ ದಿನ ಅರ್ಧ ಗಂಟೆ ಕಳೆದುಕೊಂಡೆವು. ಮರಳುವಾಗ ಮಿಷೆಲ್-ಆಂಜ್ ಮೊಲಿಟರ್ ನಿಲ್ದಾಣದವರೆಗೆ ನಡೆಯಿರಿ, ಅಲ್ಲಿ 9 ಮತ್ತು 10 ಎರಡೂ ಮಾರ್ಗಗಳು ಸಿಗುತ್ತವೆ. ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಒಳಗೆ ಆಯ್ಕೆ ಕಡಿಮೆ, ಬೆಳಿಗ್ಗೆಯೇ ಹೊಟ್ಟೆ ತುಂಬಿಸಿಕೊಂಡು ಹೋಗುವುದು ಲೇಸು.

ಅಂದಹಾಗೆ, ಕನ್ನಡಿಗರಿಗೆ ಈ ಜಾಗದ ನಂಟು ಬರೀ ನೋಡುಗರದ್ದಲ್ಲ. ಕೊಡಗಿನ ರೋಹನ್ ಬೋಪಣ್ಣ ತಮ್ಮ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿಯನ್ನು ಕೆನಡಾದ ಗಬ್ರಿಯೆಲಾ ಡಬ್ರೌಸ್ಕಿ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಗೆದ್ದದ್ದು ಇಲ್ಲೇ, 2017ರ ಜೂನ್ 8ರಂದು. ಎಂಟು ವರ್ಷಗಳ ನಂತರ ಅದೇ ತಾರೀಖಿನಂದು ನಾವು ಅಲ್ಲಿ ಕುಳಿತಿದ್ದೇವೆಂದು ಪತ್ನಿ ನೆನಪಿಸಿದಾಗ ಮೈ ಜುಮ್ಮೆಂದಿತು.

ಫೈನಲ್ ಆರಂಭವಾಗುವುದು ಅಲ್ಲಿನ ಮಧ್ಯಾಹ್ನ 3ರ ಸುಮಾರಿಗೆ. ಶಾಟ್ರಿಯೆ ಅಂಕಣಕ್ಕೆ 2020ರಲ್ಲಿ ಚಾವಣಿ ಬಂದಿದ್ದರೂ ಅದನ್ನು ಮಳೆಗಾಗಿ ಮುಚ್ಚುತ್ತಾರೆಯೇ ಹೊರತು ಬಿಸಿಲಿಗಲ್ಲ. ಪೂರ್ವದ ಕಡೆ ಕೂರುವವರ ಮುಖಕ್ಕೆ ಇಳಿಬಿಸಿಲು ಹೊಡೆಯುತ್ತದೆ, ಟೊಪ್ಪಿ ಬೇಕೇ ಬೇಕು. ಅಲ್ಲಿಯವರೆಗೆ ಟೂರ್ನಿಯಲ್ಲಿ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಬಂದಿದ್ದ ಸಿನ್ನರ್ ಮೊದಲ ಎರಡು ಸೆಟ್‌ಗಳನ್ನೂ ಗೆದ್ದರು. ನಾಲ್ಕನೇ ಸೆಟ್‌ನಲ್ಲಿ 5-3ರ ಮುನ್ನಡೆಯಲ್ಲಿದ್ದು, ಅಲ್ಕರಾಜ್ ಸರ್ವ್‌ನಲ್ಲಿ 0-40 ಆದಾಗ ಮೂರು ಚಾಂಪಿಯನ್‌ಷಿಪ್ ಪಾಯಿಂಟ್‌ಗಳು ಸಿನ್ನರ್ ಕೈಯಲ್ಲಿದ್ದವು, ಅವುಗಳಲ್ಲಿ ಒಂದನ್ನು ಗೆದ್ದರೂ ಪ್ರಶಸ್ತಿ ಅವರದೇ. ನಾನೂ ಚೀಲದ ಜಿಪ್ ಎಳೆದಿದ್ದೆ. ಆ ಮೂರರಲ್ಲೂ ಸೋಲದೆ ಉಳಿದ ಅಲ್ಕರಾಜ್, 4-6, 6-7, 6-4, 7-6, 7-6ರಿಂದ ಗೆದ್ದರು; ಕೊನೆಯ ಸೆಟ್ 6-6 ಆದಾಗ ತೀರ್ಮಾನಕ್ಕೆಂದು ಆಡಿದ ಹತ್ತು ಪಾಯಿಂಟ್‌ಗಳ ಟೈಬ್ರೇಕ್ 10-2. ಇಡೀ ಪಂದ್ಯದಲ್ಲಿ ಸಿನ್ನರ್ ಗಳಿಸಿದ ಪಾಯಿಂಟ್ 193, ಗೆದ್ದ ಅಲ್ಕರಾಜ್ ಗಳಿಸಿದ್ದು 192. ಮೊದಲ ವಾರದಲ್ಲಿ ಆ ಮಣ್ಣಿನ ನಿಧಾನವನ್ನು ನೋಡಿರದಿದ್ದರೆ, ಸೋಲುತ್ತಿದ್ದವನಿಗೆ ಅದು ಎಷ್ಟು ಕಾಲಾವಕಾಶ ಕೊಡುತ್ತದೆಂಬುದು ನನಗೆ ಹೊಳೆಯುತ್ತಿರಲಿಲ್ಲ.

ಆದ್ದರಿಂದ ಭಾನುವಾರ ರಾತ್ರಿಯ ವಿಮಾನವನ್ನು ಎಂದಿಗೂ ಕಾದಿರಿಸಬೇಡಿ, ಸೋಮವಾರ ಮಧ್ಯಾಹ್ನದ್ದು ನೋಡಿ. ನಮ್ಮ ಮುಂದಿನ ಸಾಲಿನಲ್ಲಿ ಸಣ್ಣ ಕೈಚೀಲಗಳೊಂದಿಗೆ ಕುಳಿತಿದ್ದ ದಂಪತಿ ಐದನೇ ಸೆಟ್‌ನ ನಡುವೆ ಗಡಿಯಾರ ನೋಡಿಕೊಂಡು ಎದ್ದರು, ಪ್ರತಿ ಮೆಟ್ಟಿಲಿಗೂ ನಿಂತು ಒಮ್ಮೆ ಅಂಕಣದತ್ತ ತಿರುಗಿ ನೋಡುತ್ತ ಹೊರಬಾಗಿಲವರೆಗೆ ಹೋದರು.